ಅಪ್ಪನ ದೋಣಿಯೊಳಗಿನ ಸಿಮೆಂಟ್ ಮನುಷ್ಯ

ಘೋಡಗೇರಿ,
ತಾ. ೨೦ ಮೇ ೨೦೨೫, ಮಂಗಳವಾರ

ಪ್ರೀತಿಯ ತಮ್ಮ ಮಲ್ಲೇಶನಿಗೆ (ಪ್ರೀತಿಯ ಎಂದು ಬರೆಯುವುದು ಪದ್ಧತಿ, ಅದಕ್ಕೇ ಬರೆದೆ. ಹಿಗ್ಗಬೇಡ),

ಮೊದಲು ನಿನ್ನ ಆರೋಗ್ಯ ಕೇಳಬೇಕು. ಹೇಗಿದ್ದೀಯಪ್ಪಾ? ಕಡಲ ಗಾಳಿಗೆ ಮೈ ತುಂಬಿಕೊಂಡಿದೆಯೋ? ಶಾಲು ಹೊದಿಸಿಕೊಂಡ ಹೆಗಲು ನೋಯುತ್ತಿಲ್ಲ ತಾನೇ? ಮ್ಯೂಸಿಯಮ್ಮಿನವರು ಸನ್ಮಾನ ಮಾಡಿ ಹೊದಿಸಿದ ಆ ಶಾಲು ಭಾರೀ ದಪ್ಪ, ಫೋಟೋದಲ್ಲಿ ನೋಡಿದೆ. ನಿಮ್ಮ ಕರಾವಳಿಯ ಬೆವರಿನಲ್ಲಿ ಅದನ್ನು ಹೊದ್ದು ಹಲ್ಲು ತೋರಿಸಿ ನಿಂತಿದ್ದೀಯಲ್ಲ, ನಿನ್ನ ಗುಂಡಿಗೆಗೆ ಮೆಚ್ಚಬೇಕು. ನಿನ್ನ ಮನೆಯಾಕೆ ದಾನೇಶ್ವರಿ ಆರಾಮ ಇದ್ದಾಳೆಯೇ? ಅವಳ ಮೇಲೆ ನನಗೆ ಸಿಟ್ಟಿಲ್ಲ. ಈ ಕಾಗದದಲ್ಲಿ ಇರುವುದೆಲ್ಲ ನಿನಗೊಬ್ಬನಿಗೇ, ಅವಳಿಗೆ ಹಂಚಬೇಡ. ಫೋನ್ ಮಾಡಬಹುದಿತ್ತು, ಮಾಡಿದೆ. ನೀನು ಎತ್ತುವುದಿಲ್ಲ. ಒಮ್ಮೆ ಎತ್ತಿದವನು "ಕ್ಲಾಸಿನ್ಯಾಗ ಅದೇನಿ ಅಣ್ಣಾ" ಎಂದು ಇಟ್ಟುಬಿಟ್ಟೆ. ಆ ದಿನ ರವಿವಾರ. ರವಿವಾರವೂ ಪಾಠ ಹೇಳುವ ಮಾಸ್ತರ ಇಡೀ ಕರ್ನಾಟಕದಲ್ಲಿ ನೀನೊಬ್ಬನೇ ಇರಬೇಕು, ಅದಕ್ಕೂ ಒಂದು ಶಾಲು ಹೊದಿಸಲಿ. ಕಾಗದಕ್ಕೆ ಕಟ್ ಮಾಡುವ ಗುಂಡಿ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ. ತಪ್ಪಿದ್ದಲ್ಲಿ ಕೆಂಪು ಪೆನ್ನಿನಿಂದ ಗೀಟು ಹಾಕುತ್ತ ಕೂರಬೇಡ, ನಿನ್ನ ತಪ್ಪಿಗೆ ಗೀಟು ಹಾಕಲು ನನ್ನ ಹತ್ತಿರ ಅಷ್ಟು ಶಾಯಿ ಇಲ್ಲ.

ನಾವು ಇಲ್ಲಿ ಆರಾಮ. ಅವ್ವನ ಮೊಣಕಾಲು ಆರಾಮ ಇಲ್ಲ, ಬಾಯಿ ಗಟ್ಟಿಮುಟ್ಟಾಗಿದೆ. ಮಳೆ ಈಗಲೇ ಒಂದೆರಡು ಸಲ ಹೊಡೆದು ಹೋಯಿತು. ಈ ವರ್ಷ ಬೇಗ ಹಿಡಿಯುತ್ತದೆ ಎನ್ನುತ್ತಾರೆ. ಹಿತ್ತಲಿನ ಮಾವಿನ ಗಿಡ ಕಡಿಸಿದೆ. ಹೌದು, ಅದೇ ಗಿಡ. ನೀನು ಟೊಂಗೆಯ ಮೇಲೆ ಕುಳಿತು ಪುಸ್ತಕ ಓದುತ್ತಿದ್ದದ್ದು, ನಾನು ಕೆಳಗೆ ನಿಂತು ನಿನಗೆ ಕಲ್ಲು ಒಗೆಯುತ್ತಿದ್ದದ್ದು. ಯಾಕೆ ಕಡಿಸಿದೆ ಎಂದು ಕೇಳಬೇಡ. ನಮ್ಮ ದೋಣಿ ಎಲ್ಲಿ ಹೋಯಿತು ಎಂದು ನೀನು ನಮಗೆ ಹೇಳಿದೆಯಾ?

ನೆನಪು ಹಾರಿಹೋಗಿದ್ದರೆ ನಾನೇ ತಂದುಕೊಡುತ್ತೇನೆ, ತಗೋ. ಹೋದ ವರ್ಷ ಯುಗಾದಿ ಆದಮೇಲೆ ಅವ್ವನನ್ನು ಕರೆದುಕೊಂಡು ನಾನು ಮೂಡಲಗಿಗೆ ಮದುವೆಗೆ ಹೋಗಿದ್ದೆ. ಅದೇ ದಿನ ನೀನು ಲಾರಿ ತಂದೆ. ದೋಣಿ ಬೇಸಿಗೆಗೆಂದು ದಂಡೆಯ ಮೇಲೆ ಎಳೆದಿಟ್ಟದ್ದು, ಎತ್ತಿ ಹಾಕಿಕೊಳ್ಳಲು ಭಾಳ ಸಲೀಸಾಯಿತು ನೋಡು. ಬಾಜೂ ಮನೆಯ ಗುಡುಬಿ ಚಾಚಿ ಆಡಿನ ಹಿಂದೆ ನಿಂತು ಕೇಳಿದಳಂತೆ, "ಏ ಮಲ್ಲ್ಯಾ, ಎಲ್ಲಿಗೆ ಒಯ್ಯಾಕತ್ತೀಯೋ ಅದನ್ನ?" ಎಂದು. ನೀನು, "ರಿಪೇರಿಗೆ ಚಾಚಿ. ಅಲ್ಲೆ ಚಲೋ ಕೆಲಸದವರದಾರ. ಪಂಚಮಿಗಿ ವಾಪಸ್ ತರ್ತೇನಿ" ಎಂದೆಯಂತೆ. ಅವ್ವ ನಂಬಿದಳು. ಮಾಸ್ತರ ಸುಳ್ಳು ಹೇಳುತ್ತಾನೆ ಎಂದು ಆ ಜೀವಕ್ಕೆ ಹೇಗೆ ಗೊತ್ತಾಗಬೇಕು? ಪಂಚಮಿಯ ಶೇಂಗಾ ಉಂಡಿ ಕಟ್ಟುವಾಗ ನಿನಗೆಂದು ಬೇರೆ ಡಬ್ಬಿ ತುಂಬಿಟ್ಟಿದ್ದಳು. ಆ ಉಂಡಿಗಳನ್ನು ಆಮೇಲೆ ನಾನೇ ತಿಂದೆ. ಸಿಟ್ಟಿನಲ್ಲಿ ತಿಂದರೂ ಸಿಹಿಯಾಗೇ ಇದ್ದವು.

ಸೇತುವೆ ಇಲ್ಲದ ಕಾಲಕ್ಕೆ ನಮ್ಮ ಅಪ್ಪ ಗುರುಲಿಂಗಪ್ಪ ಆ ದೋಣಿ ಮಾಡಿಸಿದ್ದು ಯಾಕೆ? ಹೊಲ ಹೊಳೆಯ ಆಚೆ, ಮನೆ ಈಚೆ. ಮೇವು, ಜೋಳ, ಬುತ್ತಿ, ಬಾಣಂತಿ, ಎಲ್ಲ ಅದರಲ್ಲೇ ದಾಟಬೇಕಿತ್ತು. ಊರವರನ್ನೂ ದಾಟಿಸುತ್ತಿದ್ದ. ದೋಣಿಯ ಮೂಗಿನ ಮೇಲೆ ಮೂರು ಬೆರಳಿನಿಂದ ವಿಭೂತಿಯಂತೆ ಬಿಳಿ ಬಣ್ಣ ಎಳೆದಿದ್ದ. ಒಮ್ಮೊಮ್ಮೆ ಮೀನು ಹಾರಿ ದೋಣಿಯೊಳಗೆ ಬಿದ್ದರೆ ಎರಡೂ ಕೈಯಲ್ಲಿ ಎತ್ತಿ, "ದಾರಿ ತಪ್ಪಿತೇನವಾ" ಎಂದು ನೀರಿಗೆ ಬಿಡುತ್ತಿದ್ದ. ಮನೆಗೆ ಬಂದು ಸ್ನಾನ, ಲಿಂಗಪೂಜೆ ಮಾಡದೆ ತುತ್ತು ಎತ್ತುತ್ತಿರಲಿಲ್ಲ. ಅಂಥ ಮನುಷ್ಯ! ಪ್ರತಿ ಬೇಸಿಗೆ ದೋಣಿ ಮೇಲೆಳೆದು ಡಾಂಬರು ಬಳಿಯುವುದು, ಕಾರ ಹುಣ್ಣಿಮೆಯ ಮರುದಿನ ನೀರಿಗಿಳಿಸುವುದು. ಮನೆಯ ಗಂಡುಮಕ್ಕಳೆಲ್ಲರ ಹೆಗಲು ಹತ್ತದೆ ದೋಣಿ ನೀರು ಮುಟ್ಟಬಾರದು, ಅದು ಅಪ್ಪ ಹಾಕಿದ ಕಟ್ಟು. ಬಲಕ್ಕೆ ನಾನು, ಎಡಕ್ಕೆ ನೀನು. ಆ ದಿನ ಬಂತೆಂದರೆ ನಿನಗೆ ಹೊಟ್ಟೆನೋವು ಬರುತ್ತಿತ್ತು, ಚಡ್ಡಿಗೆ ಡಾಂಬರು ಹತ್ತುತ್ತದೆ ಎಂದು. ಅಪ್ಪ ದಂಡೆಯಿಂದಲೇ ಒದರುತ್ತಿದ್ದ, "ಎಡಗಡೆ ಹೆಗಲ ಎಲ್ಲೈತಿ?" ಎಂದು. ನಾನು ಹೋಗಿ ನಿನ್ನ ಕಿವಿ ಹಿಡಿದು ತರುತ್ತಿದ್ದೆ. ಅಪ್ಪ ಹೋದಮೇಲೂ, ಸೇತುವೆ ಆದಮೇಲೂ, ನಿನಗೆ ನೌಕರಿ ಆದಮೇಲೂ ಆ ಒಂದು ದಿನ ನಾವು ತಪ್ಪಿಸಿರಲಿಲ್ಲ. ನೀನು ಬಸ್ಸಿಳಿದು ಪ್ಯಾಂಟು ಮಡಚಿ, ಗೊಣಗಿ, ಹೆಗಲು ಕೊಟ್ಟು, ಸಂಜೆ ಬಸ್ಸಿಗೇ ಹೋಗುತ್ತಿದ್ದೆ. ಗೊಣಗಿದರೆ ಗೊಣಗು, ಬರುತ್ತಿದ್ದೆಯಲ್ಲ.

ಈಗ ನೀನು ಕೇಳದಿದ್ದರೂ ಹೇಳುವ ಸುದ್ದಿ. ಹೋದ ಮಳೆಗಾಲ ಹೊಳೆ ಏರಿದ್ದನ್ನು ಟೀವಿಯಲ್ಲಿ ನೋಡಿರುತ್ತೀ. ಮುಂಜಾನೆ ನೀರು ದಂಡೆಯ ಕೆಳಗೇ ಇತ್ತು. ಮಧ್ಯಾಹ್ನ ಮೈಕಿನಲ್ಲಿ, ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಹುಷಾರು, ಎಂದು ಕೂಗುತ್ತ ಬಂದರು. ಅವರು ಕೂಗಿ ಮುಗಿಸುವುದರೊಳಗೆ ಸೇತುವೆ ಮುಳುಗಿತ್ತು. ಓಣಿಯೊಳಗೆ ಸೊಂಟದ ಮಟ್ಟ ನೀರು. ಗುಡುಬಿ ಚಾಚಿಯ ಮೊಮ್ಮಗ ಶಾರುಖ ಜೆಸಿಬಿ ತಂದ. ಅದರ ಬಕೆಟ್ಟಿನಲ್ಲಿ ಒಂದು ಕಡೆ ಚಾಚಿ, ಒಂದು ಕಡೆ ನಮ್ಮ ಅವ್ವ, ನಡುವೆ ಎರಡು ಆಡು. ಅವ್ವ ಚಾಚಿಗೆ "ನಿನ್ನ ಆಡ ನನ್ನ ಸೀರಿ ತಿನ್ನಾಕತ್ತೇತಿ" ಎಂದು ಬೈಯುವುದು, ಚಾಚಿ ಅವ್ವನಿಗೆ "ನೀರ ಕುತ್ತಿಗಿಗಿ ಬಂದೇತಿ, ನಿನಗ ಸೀರಿ ಚಿಂತಿ" ಎನ್ನುವುದು. ಕೆಳಗೆ ನೀರಲ್ಲಿ ನಿಂತು ನಾನು ನಕ್ಕೆ. "ಕಸ ಎತ್ತಿಧಂಗ ಎತ್ತಾಕತ್ತೀರೇನೋ ನನ್ನ" ಎಂದು ಅವ್ವನೂ ನಕ್ಕಳು. ಆಮೇಲೆ ಬಕೆಟ್ ಮೇಲೆದ್ದಿತು. ಅಷ್ಟು ಎತ್ತರಕ್ಕೆ ಹೋದಮೇಲೆ ಆಚೆ ದಂಡೆ ಕಾಣುತ್ತದೆ. ಅವ್ವ ನಗುವುದನ್ನು ನಿಲ್ಲಿಸಿದಳು.

ಆಚೆ ಹೊಲದ ಕೊಟ್ಟಿಗೆಯಲ್ಲಿ ಚಂದ್ರಿ ಇದ್ದಳು. ಗೂಟಕ್ಕೆ ಕಟ್ಟಿದ ಎಮ್ಮೆ. ಅಲ್ಲಿ ಮೇವು ಇದೆ ಎಂದು ಎರಡು ದಿನದ ಮಟ್ಟಿಗೆ ನಾನೇ ಬಿಟ್ಟು ಬಂದಿದ್ದೆ. ದೋಣಿ ಇದ್ದಿದ್ದರೆ ಮೈಕಿನ ಕೂಗು ಕೇಳಿದ ಕೂಡಲೇ ಹೋಗಿ ಹಗ್ಗ ಕೊಯ್ದು ಬರುತ್ತಿದ್ದೆ. ಹಗ್ಗ ಕೊಯ್ದರೆ ಸಾಕಿತ್ತು ಮಲ್ಲೇಶ, ಎಮ್ಮೆಗೆ ಈಜು ಯಾರೂ ಕಲಿಸಬೇಕಿಲ್ಲ. ಈಜಿ ಹೋಗೋಣವೆಂದು ನಾನು ಅಂಗಿ ಕಳಚಿದೆ, ಶಾರುಖ ಹಿಂದಿನಿಂದ ತೆಕ್ಕೆ ಹಾಕಿ ಹಿಡಿದ. ಎಮ್ಮೆ ಸಂಜೆತನಕ ಒದರಿತು. ಅವ್ವ ಗುಡಿಯ ಕಟ್ಟೆಯ ಮೇಲೆ ಕುಳಿತು ಕೇಳಿದಳು. ಆಮೇಲೆ ಒದರುವುದು ನಿಂತಿತು. ಈ ವಿಷಯದಲ್ಲಿ ನನಗೆ ಏನೂ ನಗೆಮಾತು ಹೊಳೆದಿಲ್ಲ, ಇವತ್ತಿನವರೆಗೂ.

ಆಮೇಲೆ ಶೀಗಿ ಹುಣ್ಣಿಮೆ ಬಂತು, ಹೊಲಕ್ಕೆ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಬೇಕು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು, ನಡು ಹೊಳೆಯಲ್ಲಿ ದೋಣಿ ನಿಲ್ಲಿಸಿ ಅವ್ವ ಮೊದಲ ತುತ್ತನ್ನು ಕೈಯಿಂದಲೇ ನೀರಿನೊಳಗೆ ಇಡುತ್ತಾಳೆ, ಆಮೇಲೆ ಹೊಲಕ್ಕೆ. ಟ್ರಾಕ್ಟರದಲ್ಲಿ ಕರೆದುಕೊಂಡು ಹೋದೆ. ನಡು ಸೇತುವೆಗೆ ಬಂದಾಗ ನಿಲ್ಲಿಸು ಎಂದಳು. ಇಳಿದು ಕಟಾಂಜನಕ್ಕೆ ಒರಗಿ ಕೆಳಗೆ ನೋಡಿದಳು. "ಹೊಳಿಗಿ ಮ್ಯಾಲಿಂದ ಒಗೀಬಾರದೋ ರಾಚ್ಯಾ. ಭಿಕ್ಷೆ ಹಾಕಿಧಂಗ ಆಗತೈತಿ" ಎಂದಳು. ಕಡುಬು, ಸಜ್ಜಿ ರೊಟ್ಟಿ, ಪುಂಡಿ ಪಲ್ಯೆ, ಕಟ್ಟಿದ ಬುಟ್ಟಿ ಕಟ್ಟಿದ ಹಾಗೇ ಮನೆಗೆ ವಾಪಸ್ ಬಂತು. ಹೊಳೆಯೂ ಉಣ್ಣಲಿಲ್ಲ, ಹೊಲವೂ ಉಣ್ಣಲಿಲ್ಲ. ಅವತ್ತೂ ಅವ್ವ ನಿನ್ನನ್ನು ಬೈಯಲಿಲ್ಲ. "ರಿಪೇರಿ ಅಂದ್ರ ತಡಾ ಆಗತೈತಿ" ಎಂದಳು. ಬೈದಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು ಗೊತ್ತಾ?

ಜನವರಿಯಲ್ಲಿ ನನ್ನ ಮಗಳು ಶಿವಾನಿ ಅರಭಾವಿ ಕಾಲೇಜಿನ ಹುಡುಗಿಯರ ಜೊತೆ ತೋಟಗಾರಿಕೆ ನೋಡಲೆಂದು ನಿಮ್ಮ ಕಡೆ ಟೂರ್ ಬಂದಿದ್ದಳು. ದಾರಿಯಲ್ಲಿ ಆ ಕಡಲದಂಡೆ ಮ್ಯೂಸಿಯಮ್ಮಿಗೂ ಕರೆದೊಯ್ದರಂತೆ. ಅಲ್ಲಿಂದ ಮೊಬೈಲಿಗೆ ಫೋಟೋ ಕಳಿಸಿ, "ಅಪ್ಪಾ, ಮುತ್ಯಾನ ದ್ವಾಣಿ!" ಎಂದಳು. ನಾನು ನಂಬಲಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿದೆ. ಮೂಗಿನ ಮೇಲೆ ಮೂರು ಬಿಳಿ ಗೆರೆ. ಶಿವರಾತ್ರಿ ಆದಮೇಲೆ ಗೋಕಾಕದಿಂದ ಬಸ್ಸು ಹತ್ತಿದೆ. ಹೌದು, ನಿಮ್ಮೂರಿಗೆ ಬಂದಿದ್ದೆ. ನಿನ್ನ ಮನೆ ಅಲ್ಲಿಂದ ಎರಡೇ ಓಣಿ ಎಂದು ರಿಕ್ಷಾದವನು ಹೇಳಿದ. ಬರಲಿಲ್ಲ. ಬಂದಿದ್ದರೆ ಕೈ ಮಾಡುತ್ತಿದ್ದೆ, ದಾನೇಶ್ವರಿಯ ಮುಂದೆ ನೀನು ಸಣ್ಣವನಾಗುತ್ತಿದ್ದೆ.

ಖರೆ ಹೇಳುತ್ತೇನೆ, ಮ್ಯೂಸಿಯಂ ಚೆನ್ನಾಗಿದೆ. ನನ್ನ ತಕರಾರು ಆ ಮಂದಿಯ ಮೇಲೆ ಅಲ್ಲ. ಹಡಗಿನ ಲಂಗರು ಇದೆ, ನಮ್ಮ ಊರ ಎರಡು ಪೈಲ್ವಾನರು ಸೇರಿದರೂ ಅಲುಗಾಡಿಸಲಾರರು. ಉಪ್ಪು ಎಳೆಯುವ ಮರದ ಹಲಗೆಗಳಿವೆ. ತಿಮಿಂಗಿಲದ ಬೆನ್ನೆಲುಬು ಇದೆ, ಒಂದೊಂದು ಮಣಿಯ ಮೇಲೆ ಒಬ್ಬೊಬ್ಬರು ಕುಳಿತು ಚಹಾ ಕುಡಿಯಬಹುದು. ಹೊರಗೆ ನಾಲಿಗೆ ಚಾಚಿದ ಭೂತದ ಮುಖ ನೋಡಿ, ಇವನು ಯಾಕೋ ನಮ್ಮ ಸೊಸೈಟಿ ಚೇರಮನ್ನನ ಹಾಗೆ ಇದ್ದಾನಲ್ಲ, ಎಂದುಕೊಂಡೆ. ಚೀನಾದಿಂದ ಹಡಗಿನಲ್ಲಿ ಬಂದ ದೊಡ್ಡ ಭರಣಿ ಇದೆ, ಅವ್ವ ನೋಡಿದ್ದರೆ ಮೊದಲು ಮುಚ್ಚಳ ಎಲ್ಲಿ ಎಂದು ಕೇಳಿ ಉಪ್ಪಿನಕಾಯಿ ಹಾಕುತ್ತಿದ್ದಳು. ಹಡಗಿನಲ್ಲಿ ಕಾದಾಡಿ ಸತ್ತವರ ಕಲ್ಲು ಇದೆ. ಅವರ ಹಿರಿಯರ ವಸ್ತುಗಳನ್ನು ಅವರು ಒರೆಸಿ, ದೀಪ ಹಾಕಿ, ಮರ್ಯಾದೆಯಿಂದ ಇಟ್ಟಿದ್ದಾರೆ. ನೋಡುತ್ತ ನೋಡುತ್ತ ನನ್ನ ಸಿಟ್ಟು ಅರ್ಧ ಇಳಿದಿತ್ತು. ಆಮೇಲೆ ಕೊನೆಯ ಕೋಣೆಗೆ ಹೋದೆ.

ನಮ್ಮ ದೋಣಿಯೊಳಗೆ ಒಬ್ಬ ಸಿಮೆಂಟಿನ ಮನುಷ್ಯ ಕುಳಿತಿದ್ದಾನೆ. ಲಂಗೋಟಿ, ದೊಡ್ಡ ಮೀಸೆ, ಕೈಯಲ್ಲಿ ಬಲೆ. ಬಲೆಯ ತುಂಬ ಪ್ಲಾಸ್ಟಿಕ್ ಬಂಗಡೆ ಮೀನು. ವಿಭೂತಿ ಹಚ್ಚಿದ ದೋಣಿಯೊಳಗೆ ಮೀನು! ಬಾಜೂ ಬೋರ್ಡು: ಕರಾವಳಿ ಮೀನುಗಾರರ ಪಾರಂಪರಿಕ ದೋಣಿ, ಮೂರು ತಲೆಮಾರು ಅರಬ್ಬೀ ಸಮುದ್ರದಲ್ಲಿ ಬಳಕೆಯಾದದ್ದು, ದಾನಿಗಳು ಶ್ರೀ ಮಲ್ಲೇಶ ಗುರುಲಿಂಗಪ್ಪ, ಶಿಕ್ಷಕರು. ದೋಣಿಯ ಹೆಸರಿಗಿಂತ ನಿನ್ನ ಹೆಸರು ದಪ್ಪ ಅಕ್ಷರದಲ್ಲಿದೆ. ನಾನು ಹಗ್ಗ ದಾಟಿ, ಏರಿ, ಆ ಸಿಮೆಂಟಿನವನ ಬಾಜೂ ಕುಳಿತೆ. ಕಾವಲಿನವ ಓಡಿ ಬಂದ. "ಓಯ್, ಇಳೀರಿ ಮಾರಾಯ್ರೇ, ಅದನ್ನ ಮುಟ್ಟುಕಿಲ್ಲೆ" ಎಂದ. "ಮುಟ್ಟದಂಗ ಕುಂದ್ರಾಕ ನನಗ ಬರೂದಿಲ್ಲರಿ" ಎಂದೆ. ಅಷ್ಟರಲ್ಲಿ ನನ್ನ ಕಾಲಿಗೆ ಏನೋ ತಾಗಿತು. ಬಗ್ಗಿ ನೋಡಿದರೆ ಬೋಲ್ಟು. ತಳಕ್ಕೆ ಉದ್ದಕ್ಕೂ ತೂತು ಕೊರೆದು, ಬೋಲ್ಟು ಹಾಕಿ, ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದಿದ್ದಾರೆ. ಅಪ್ಪ ಒಂದು ಸೂಜಿಯಷ್ಟು ಸಂದು ಕಂಡರೆ ಹತ್ತಿ ತುರುಕಿ ಡಾಂಬರು ತುಂಬುತ್ತಿದ್ದ ತಳ. ಅವರ ತಪ್ಪಿಲ್ಲ, ಇನ್ನೆಂದೂ ನೀರಿಗೆ ಹೋಗದ ವಸ್ತು ಎಂದು ನೀನೇ ಬರೆದುಕೊಟ್ಟಿದ್ದೆಯಂತೆ.

ಆಗ ಅಲ್ಲಿಯ ಮೇಡಂ ಬಂದರು. ಒಳ್ಳೆಯ ಹೆಣ್ಣುಮಗಳು. ನಾನು ಯಾರೆಂದು ಗೊತ್ತಾದ ಕೂಡಲೇ ಕುರ್ಚಿ ಹಾಕಿಸಿ ಕೋಕಂ ಶರಬತ್ತು ತರಿಸಿದರು. "ದಾನಿಗಳ ಅಣ್ಣನಾ ನೀವು? ಬಹಳ ಸಂತೋಷ. ನಿಮ್ಮ ತಂದೆಯವರು ಯಾವ ಮೀನು ಹೆಚ್ಚು ಹಿಡೀತಿದ್ರು? ಬೋರ್ಡಿಗೆ ಇನ್ನೊಂದು ಸಾಲು ಸೇರಿಸಬೇಕಿತ್ತು" ಎಂದರು. ಖರೆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಂಟಲು ಕೂಡ ಸರಿಮಾಡಿಕೊಂಡೆ. ಅದೇ ಹೊತ್ತಿಗೆ ನಿನ್ನ ಸಾಲಿಯ ಮಕ್ಕಳು ಸಾಲಾಗಿ ಒಳಗೆ ಬಂದವು. "ನಮ್ಮ ಸರ್ ದೋಣಿ! ನಮ್ಮ ಸರ್ ದೋಣಿ!" ಎಂದು ಕುಣಿದವು. ಆ ಮಕ್ಕಳ ಮುಂದೆ ಅವರ ಸರ್ ಸುಳ್ಳುಗಾರ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನು ಹೇಳಿದೆ, "ಬಂಗಡಿ ರಿ ಮೇಡಂ. ಭಾರೀ ಬಂಗಡಿ ಹಿಡೀತಿದ್ದ ನಮ್ಮಪ್ಪ." ಮೇಡಂ ಬರೆದುಕೊಂಡರು.

ತಿಳಿಯಿತಾ? ನಿನ್ನ ಮಾನ ಉಳಿಸಲು ನಾನು ಅಪ್ಪನ ಕೈಗೆ ಮೀನು ಕೊಟ್ಟು ಬಂದೆ. ಊರಿಗೆ ಬಂದು ಅವನ ಫೋಟೋದ ಮುಂದೆ ನಿಂತೆ. ವಿಭೂತಿ ಹಚ್ಚಿಕೊಳ್ಳಲು ಕೈ ಏಳಲಿಲ್ಲ. ನೀನು ಯಾಕೆ ಹೀಗೆ ಮಾಡಿದೆ ಎಂದು ದಾನೇಶ್ವರಿಯನ್ನು ಫೋನಿನಲ್ಲಿ ಕೇಳಿದೆ. ಅಲ್ಲಿಯ ಮಂದಿ ಇಷ್ಟು ವರ್ಷವಾದರೂ ನಿನ್ನನ್ನು ಘಟ್ಟದ ಮೇಲಿನ ಮಾಸ್ತರ ಎಂದೇ ಕರೆಯುತ್ತಾರಂತೆ. ಅವರಲ್ಲಿ ಒಬ್ಬನಾಗಬೇಕು ಎಂದು ನಿನಗೆ ಆಸೆಯಾಯಿತಂತೆ. ಆಗು. ಬೇಡ ಎಂದವರು ಯಾರು? ಬೇಕಾದರೆ ಮೀನು ತಿನ್ನು, ನಿನ್ನ ಬಾಯಿ ನಿನ್ನದು. ಅಪ್ಪನ ಬಾಯಿಗೆ ಯಾಕೆ ತುರುಕಿದೆ? ಘಟ್ಟದ ಮೇಲೆಯೂ ಹೊಳೆ ಇದೆ, ಅಲ್ಲಿಯೂ ಒಬ್ಬ ಮನುಷ್ಯ ಮಂದಿಯನ್ನು ದಾಟಿಸುತ್ತಿದ್ದ ಎಂದು ಹೇಳಿದ್ದರೆ ಆ ಮೇಡಂ ಬೇಡ ಎನ್ನುತ್ತಿದ್ದರೇ? ಅದನ್ನೂ ಬರೆದು ಹಾಕುತ್ತಿದ್ದರು. ಶಾಲು ಸ್ವಲ್ಪ ತೆಳ್ಳಗಿನದು ಹೊದಿಸುತ್ತಿದ್ದರು, ಅಷ್ಟೇ ಫರಕು.

ದೋಣಿ ವಾಪಸ್ ಕೊಡು ಎಂದು ಕೇಳಲು ನಾನು ಈ ಕಾಗದ ಬರೆಯುತ್ತಿಲ್ಲ. ತೂತಿನ ದೋಣಿ ತಂದು ಜೋಳ ಒಣಹಾಕಲೇ? ಅದು ಅಲ್ಲೇ ಇರಲಿ. ಆದರೆ ಬೋರ್ಡು ತಿದ್ದಿಸು. ನೀನೇ ಹೋಗಿ, ನಿನ್ನ ಬಾಯಿಂದಲೇ ಆ ಮೇಡಂಗೆ ಹೇಳು. ನಾನು ಹೇಳಿದ ಬಂಗಡೆಯನ್ನೂ ಅಳಿಸಿಸು. ಅಳಿಸುವವರೆಗೆ ಈ ಮನೆಯಲ್ಲಿ ನಿನಗೆ ನೀರು ಸಿಗುತ್ತದೆ, ಮಾತು ಸಿಗುವುದಿಲ್ಲ. ಅವ್ವನಿಗೆ ಫೋಟೋ ತೋರಿಸಿದೆವು, ಬೋರ್ಡು ಓದಿ ಹೇಳಲಿಲ್ಲ. ಅವಳು ಭಾಳ ಹೊತ್ತು ನೋಡಿ, "ಇಂವ ಯಾರೋ, ಕೈಯಾಗ ಹುಟ್ಟ ಇಲ್ಲದ ಕುಂತಾನ?" ಎಂದಳು. "ನಿನ್ನ ಸಣ್ಣ ಮಗನ ದೋಸ್ತ" ಎಂದೆ.

ದಾನೇಶ್ವರಿಗೆ ನನ್ನ ಆಶೀರ್ವಾದ ತಿಳಿಸು. ಗುಡುಬಿ ಚಾಚಿ ನಿನಗೆ ಸಲಾಂ ಹೇಳಿಲ್ಲ, ಬೇರೆ ಏನೋ ಹೇಳಿದ್ದಾಳೆ, ಬರೆಯಲು ಬರುವಂಥದ್ದಲ್ಲ. ನಿನಗೆ ನನ್ನ ಕಡೆಯಿಂದ ಸದ್ಯ ಯಾವ ಹಾರೈಕೆಯೂ ಇಲ್ಲ. ಅವ್ವನದು ಇದೆ, ಅದರಲ್ಲೇ ಸುಧಾರಿಸಿಕೋ.

ನಿನ್ನ ಅಣ್ಣ (ಇದನ್ನು ಬದಲಿಸಲು ಯಾವ ಬೋರ್ಡಿಗೂ ಬರುವುದಿಲ್ಲ),
ರಾಚಪ್ಪ

ತಾ.ಕ.: ಲಕೋಟೆ ಅಂಟಿಸುವುದರೊಳಗೆ ಅವ್ವ ಬಂದು, ಮುಖ್ಯ ಮಾತು ಬರೆದೆಯೋ ಇಲ್ಲವೋ ಎಂದು ಕೇಳಿದಳು. ಇಲ್ಲ. ಮಾವಿನ ಗಿಡ ಕಡಿಸಿದ್ದು ಹೊಸ ದೋಣಿಗೆ. ಬಡಿಗೇರ ಬಾಳೇಶ ಹಿತ್ತಲಿನಲ್ಲೇ ಕುಳಿತು ಮಾಡುತ್ತಿದ್ದಾನೆ, ತಳ ಮುಗಿದಿದೆ, ಗೋಕಾಕದಿಂದ ಡಾಂಬರು ತಂದಿಟ್ಟಿದ್ದೇನೆ. ಕಾರ ಹುಣ್ಣಿಮೆಯ ಮರುದಿನ ಇಳಿಸಬೇಕು. ಶಾರುಖ "ಜೆಸಿಬಿಲೆ ಎತ್ತಿ ಇಡ್ತೇನಿ ಕಾಕಾ, ಐದು ಮಿನಿಟಿನ ಕೆಲಸ" ಎಂದ. ಅವ್ವ ಒಪ್ಪಲಿಲ್ಲ. "ಎಡಗಡೆ ಹೆಗಲ ಬರೂತನಕ ಅದು ನೀರ ಮುಟ್ಟೂದಿಲ್ಲ. ಹೊಳಿ ಮನಿಗೇ ಬಂದ್ರೂ ಮುಟ್ಟೂದಿಲ್ಲ" ಎನ್ನುತ್ತಾಳೆ. ಅವಳು ಹೇಳಿದರೆ ಹೇಳಿದ್ದೇ, ನಿನಗೆ ಗೊತ್ತು. ಮೋಡ ಈಗಲೇ ಕಟ್ಟುತ್ತಿದೆ. ಹಳೆಯ ಪ್ಯಾಂಟು ಹಾಕಿಕೊಂಡು ಬಾ. ನಿನಗೆ ಬರಲು ಆಗದಿದ್ದರೆ ಆ ಸಿಮೆಂಟಿನವನನ್ನಾದರೂ ಕಳಿಸು. ನಮ್ಮ ದೋಣಿಯ ಹತ್ತಿರ ಇರುವುದು ಅವನಿಗಾದರೂ ರೂಢಿಯಾಗಿದೆ.